ಹಿತ್ತಿಲ ಸೌತೆಯ ರೋಗನಿದಾನ: ಒಂದು ಚಾರಿತ್ರಿಕ ವಿವೇಚನೆ

೧. ವಿಷಯ ಪ್ರವೇಶ

ಚರಿತ್ರೆಯ ವಿಭಾಗವು ಪ್ರಕಟಿಸುವ ಸಂಶೋಧನ ಸಂಚಿಕೆಯಲ್ಲಿ ಸೌತೆಯ ಬಳ್ಳಿಗೆ ಎಡೆಯುಂಟೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಆದರೆ ಶಾಸನವನ್ನೋ ಹಳೆಯ ಕಡತವನ್ನೋ ಓದುವವನಿಗೂ ರೋಗ ತಗುಲಿದ ಎಲೆಯನ್ನು ಪರೀಕ್ಷಿಸುವವನಿಗೂ ಎದುರಾಗುವ ತೊಡಕು ಒಂದೇ ಬಗೆಯದು. ನಡೆದ ಸಂಗತಿ ಇಬ್ಬರ ಕಣ್ಣಿಗೂ ಕಾಣುವುದಿಲ್ಲ. ಅದು ಬಿಟ್ಟುಹೋದ ಗುರುತು ಮಾತ್ರ ಕಾಣುತ್ತದೆ. ಆ ಗುರುತಿನಿಂದ ಸಂಗತಿಗೆ ಹೋಗುವ ದಾರಿಯಲ್ಲಿ ಆತುರಪಟ್ಟವರು ಎಡವಿದ್ದಾರೆ, ಒಂದು ಸಾಕ್ಷ್ಯವನ್ನು ಇನ್ನೊಂದರೊಡನೆ ಹೋಲಿಸಿ ನಡೆದವರು ಗುರಿ ಮುಟ್ಟಿದ್ದಾರೆ.

ನಮ್ಮ ಮನೆಗಳ ಹಿತ್ತಿಲಲ್ಲಿ ಮಳೆಗಾಲದ ಆರಂಭಕ್ಕೋ ಬೇಸಗೆಯ ಮೊದಲಿಗೋ ನಾಲ್ಕು ಸೌತೆಯ ಬೀಜಗಳನ್ನು ಊರಿ, ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವುದು ಹಳೆಯ ವಾಡಿಕೆ. ತಿಂಗಳು ಕಳೆಯುವಷ್ಟರಲ್ಲಿ ಎಲೆಗಳು ಹಳದಿಯಾಗತೊಡಗುತ್ತವೆ. ಮನೆಯ ಯಜಮಾನರು ಗೊಬ್ಬರದ ಅಂಗಡಿಗೆ ಹೋಗಿ ‘ಎಲೆ ಹಳದಿಯಾಗುತ್ತಿದೆ, ಏನಾದರೂ ಔಷಧಿ ಕೊಡಿ’ ಎನ್ನುತ್ತಾರೆ. ಅಂಗಡಿಯವನು ಒಂದು ಸೀಸೆಯನ್ನು ಕೊಡುತ್ತಾನೆ. ಹಳದಿಯಾಗುವುದಕ್ಕೆ ಬೂಜು, ನಂಜು, ನುಸಿ, ಬೇರಿನ ಹುಳು, ಗೊಬ್ಬರದ ಕೊರತೆ, ಕೇವಲ ಮುಪ್ಪು, ಹೀಗೆ ಆರು ಕಾರಣಗಳಾದರೂ ಉಂಟು. ಒಂದಕ್ಕೆ ತಕ್ಕ ಮದ್ದು ಮತ್ತೊಂದಕ್ಕೆ ನಿರರ್ಥಕ. ನಿರರ್ಥಕವೆಂದು ಸುಮ್ಮನಿರುವಂತೆಯೂ ಇಲ್ಲ. ಸೌತೆಯನ್ನು ನಾವು ಬೇಯಿಸದೆ, ಬಹುಮಟ್ಟಿಗೆ ಸಿಪ್ಪೆಯನ್ನೂ ತೆಗೆಯದೆ ತಿನ್ನುತ್ತೇವೆ. ದಿನ ಬಿಟ್ಟು ದಿನ ಕಾಯಿ ಕೊಯ್ಯುತ್ತೇವೆ. ತಪ್ಪು ನಿದಾನದಿಂದ ಸಿಂಪಡಿಸಿದ ವಿಷವು ರೋಗಕ್ಕೆ ತಗುಲದಿದ್ದರೂ ಮಕ್ಕಳ ತಟ್ಟೆಯ ಕೋಸಂಬರಿಗೆ ತಗುಲುತ್ತದೆ. ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯುವ ಜೇನುನೊಣವನ್ನೂ ಕೊಲ್ಲುತ್ತದೆ.

ಆದಕಾರಣ ಇಲ್ಲಿ ಮದ್ದುಗಳ ಪಟ್ಟಿಯನ್ನು ಕೊಡುವ ಉದ್ದೇಶವಿಲ್ಲ. ಸೌತೆಯ ಮುಖ್ಯ ಪೀಡೆಗಳ ನಿಜವಾದ ಕಾರಣಗಳು ಹೇಗೆ ಬೆಳಕಿಗೆ ಬಂದವೆಂಬುದನ್ನು ನಿರೂಪಿಸಿ, ಆ ಶೋಧಗಳು ಕಲಿಸಿದ ಪರೀಕ್ಷಾಕ್ರಮವನ್ನು ಗೃಹಸ್ಥರು ಹೇಗೆ ಬಳಸಿಕೊಳ್ಳಬಹುದೆಂಬುದನ್ನು ತಿಳಿಸುವುದು ಈ ಲೇಖನದ ಗುರಿ.

೨. ಪ್ರಾಚೀನರ ದೃಷ್ಟಿ

ಸೌತೆಯು ನಮ್ಮ ದೇಶದ್ದೇ ಸಸ್ಯ. ಹಿಮಾಲಯದ ತಪ್ಪಲಿನಲ್ಲಿ ಇಂದಿಗೂ ಬೆಳೆಯುವ ಕಹಿಯಾದ ಕಿರುಗಾಯಿಯ ಕಾಡುಸೌತೆಯನ್ನು ಅದರ ಮೂಲವಂಶವೆಂದು ಗಣಿಸಲಾಗಿದೆ. ೧೮೮೩ರಲ್ಲಿ ಡಿ ಕ್ಯಾಂಡೋಲರು ಕೃಷಿಸಸ್ಯಗಳ ಮೂಲವನ್ನು ವಿಚಾರಿಸುವಾಗ ಸೌತೆಯ ತವರು ಭಾರತವೆಂದು ನಿರ್ಣಯಿಸಿದ್ದರು. ನಮ್ಮ ಕಾಲದ ವಂಶವಾಹಿ ಸಂಶೋಧನೆಗಳು ಅದನ್ನು ಸಮರ್ಥಿಸಿವೆ. ತವರಿನಲ್ಲಿ ಬಂಧುಗಳಂತೆ ವೈರಿಗಳೂ ಹಳಬರೇ ಆಗಿರುವುದು ಸಹಜ.

ಸಸ್ಯಗಳಿಗೂ ರೋಗವುಂಟೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಎಂಬ ರೋಗಲಕ್ಷಣಗಳನ್ನು ಹೇಳಿದ್ದಾನೆ, ಚಳಿ, ಗಾಳಿ, ಬಿಸಿಲುಗಳನ್ನು ಅವುಗಳಿಗೆ ಕಾರಣವೆಂದಿದ್ದಾನೆ. ಕನ್ನಡದಲ್ಲಿ ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವಾಸ್ತು, ಸೂಪಶಾಸ್ತ್ರ, ವೈದ್ಯ ಮೊದಲಾದ ವಿಷಯಗಳೊಡನೆ ವೃಕ್ಷಾಯುರ್ವೇದವೂ ಬಂದಿದೆ. ಗೃಹಸ್ಥನಿಗೆ ನಿತ್ಯೋಪಯೋಗಿಯಾದ ಜ್ಞಾನದಲ್ಲಿ ಗಿಡದ ಆರೈಕೆಯೂ ಸೇರಿತ್ತೆಂಬುದಕ್ಕೆ ಇದೇ ಸಾಕ್ಷಿ.

ಈ ಗ್ರಂಥಗಳಲ್ಲಿ ಲಕ್ಷಣಗಳ ಅವಲೋಕನ ಸೂಕ್ಷ್ಮವಾದುದು. ಕಾರಣದ ಮಾತಿಗೆ ಬಂದಾಗ ಅವು ಹವೆಯಲ್ಲಿ, ಇಲ್ಲವೆ ಗಿಡದ ಒಳಗಿನ ದೋಷದಲ್ಲಿ ನಿಲ್ಲುತ್ತವೆ. ಕಣ್ಣಿಗೆ ಕಾಣದ ಜೀವಿಯನ್ನು ತೋರಿಸುವ ಉಪಕರಣವಿಲ್ಲದ ಕಾಲದಲ್ಲಿ ಅದಕ್ಕಿಂತ ಮುಂದೆ ಹೋಗುವುದು ಸಾಧ್ಯವಿರಲಿಲ್ಲ. ಉಪಕರಣ ಬಂದ ಮೇಲೂ ಆ ಹೆಜ್ಜೆಯನ್ನಿಡಲು ಯೂರೋಪಿನ ವಿದ್ವಾಂಸರು ಬಹುಕಾಲ ಹಿಂಜರಿದರೆಂಬುದು ಮುಂದಿನ ವೃತ್ತಾಂತದಿಂದ ವಿದಿತವಾಗುತ್ತದೆ.

೩. ಬರ್ಕ್ಲಿಯವರ ವಾದ

೧೮೪೫ರಲ್ಲಿ ಯೂರೋಪಿನ ಆಲೂಗೆಡ್ಡೆಯ ಹೊಲಗಳು ಕೊಳೆತುಹೋದುವು. ಐರ್ಲೆಂಡಿನಲ್ಲಿ ಇದರಿಂದ ಉಂಟಾದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಕೊಳೆತ ಎಲೆಯ ಮೇಲೆ ಒಂದು ಬಗೆಯ ಬೂಜು ಇದ್ದುದನ್ನು ಹಲವರು ನೋಡಿದ್ದರು. ಅತಿವೃಷ್ಟಿಯಿಂದ ಗಿಡ ಕೊಳೆಯಿತು, ಕೊಳೆತುದರ ಮೇಲೆ ಬೂಜು ಬೆಳೆಯಿತು ಎಂಬುದು ಲಿಂಡ್ಲೆಯವರಂತಹ ಪ್ರಸಿದ್ಧ ಸಸ್ಯಶಾಸ್ತ್ರಜ್ಞರ ಅಭಿಪ್ರಾಯವಾಗಿತ್ತು. ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿಯಾಗಿದ್ದ ಮೈಲ್ಸ್ ಜೋಸೆಫ್ ಬರ್ಕ್ಲಿಯವರು ೧೮೪೬ರಲ್ಲಿ ಇದಕ್ಕೆ ವಿರುದ್ಧವಾಗಿ, ಬೂಜೇ ಕಾರಣ, ಕೊಳೆಯುವುದು ಅದರ ಫಲ ಎಂದು ವಾದಿಸಿದರು. ೧೮೬೧ರಲ್ಲಿ ಜರ್ಮನಿಯ ಡಿ ಬಾರಿಯವರು ಆರೋಗ್ಯವಾದ ಗಿಡಕ್ಕೆ ಆ ಬೂಜನ್ನು ತಗುಲಿಸಿ ರೋಗವನ್ನು ಬರಿಸಿ ತೋರಿಸುವವರೆಗೆ ಈ ವಾದ ಇತ್ಯರ್ಥವಾಗಲಿಲ್ಲ.

ಎರಡು ವಸ್ತುಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಯಾವುದು ಕಾರಣ, ಯಾವುದು ಕಾರ್ಯವೆಂದು ಹೇಳಲಾಗದು ಎಂಬ ತತ್ತ್ವವನ್ನು ಈ ವಿವಾದವು ಸಸ್ಯರೋಗಶಾಸ್ತ್ರದ ಬುನಾದಿಯಾಗಿ ಇರಿಸಿತು. ಸ್ವಾರಸ್ಯದ ವಿಷಯವೆಂದರೆ ಸೌತೆಯ ಎರಡು ದೊಡ್ಡ ಪೀಡೆಗಳ ಪ್ರಥಮ ವರ್ಣನೆಯಲ್ಲಿಯೂ ಬರ್ಕ್ಲಿಯವರ ಹೆಸರಿದೆ. ೧೮೫೫ರಲ್ಲಿ ಗಾಜಿನ ಮನೆಯಲ್ಲಿ ಬೆಳೆದ ಸೌತೆಯ ಬೇರುಗಳ ಗಂಟುಗಳನ್ನು ಪರೀಕ್ಷಿಸಿ, ಅವುಗಳೊಳಗೆ ಸೂಕ್ಷ್ಮವಾದ ಹುಳುಗಳಿರುವುದನ್ನು ಅವರು ವರದಿಮಾಡಿದರು. ಬೇರುಗಂಟು ಜಂತುಹುಳುವಿನ ಮೊದಲ ದಾಖಲೆ ಇದು. ೧೮೬೮ರಲ್ಲಿ ಕರ್ಟಿಸ್ ಅವರೊಡನೆ ಕ್ಯೂಬಾ ದ್ವೀಪದಿಂದ ಬಂದ ಮಾದರಿಗಳನ್ನು ಪರಿಶೀಲಿಸುತ್ತ ಸೌತೆಯ ಜಾತಿಯ ಬಳ್ಳಿಗಳ ಬೂಜು ರೋಗವನ್ನು ವರ್ಣಿಸಿದರು. ಆ ಜೀವಿಯ ಶಾಸ್ತ್ರೀಯ ನಾಮದಲ್ಲಿ ‘ಕ್ಯೂಬೆನ್ಸಿಸ್’ ಎಂಬ ಪದ ಈಗಲೂ ಉಳಿದಿದೆ.

೪. ಎಲೆಯ ಸಾಕ್ಷ್ಯ

ಮೊದಲು ಬೂಜು ರೋಗವನ್ನೂ ಬೂದಿ ರೋಗವನ್ನೂ ಬೇರ್ಪಡಿಸಬೇಕು. ಹೆಸರುಗಳಲ್ಲಿ ಒಂದಕ್ಷರದ ಅಂತರವಿರುವುದರಿಂದ ಮಾತಿನಲ್ಲಿಯೇ ಗೊಂದಲವಾಗುವುದುಂಟು; ಆದರೆ ಇವೆರಡೂ ಬೇರೆ ಬೇರೆ ಕುಲದ ಜೀವಿಗಳಿಂದ ಬರುವಂಥವು.

ಬೂದಿ ರೋಗದಲ್ಲಿ ಎಲೆಯ ಮೇಲ್ಮೈಯಲ್ಲಿ, ಕ್ರಮೇಣ ತೊಟ್ಟು ಕಾಂಡಗಳ ಮೇಲೆಯೂ, ವಿಭೂತಿ ಎರಚಿದಂತೆ ಬಿಳಿಯ ದುಂಡು ಮಚ್ಚೆಗಳು ಕಾಣುತ್ತವೆ. ಬೆರಳಿನಿಂದ ಒರಸಿದರೆ ಪುಡಿ ಅಂಟುತ್ತದೆ. ಇದಕ್ಕೆ ಎಲೆ ನೆನೆದಿರಬೇಕಾಗಿಲ್ಲ. ಮಳೆಯಿಲ್ಲದ ದಿನಗಳಲ್ಲಿ, ಬಳ್ಳಿ ದಟ್ಟವಾಗಿ ಹಬ್ಬಿದ ನೆರಳಿನಲ್ಲಿ ಹೆಚ್ಚುತ್ತದೆ. ಬೂಜು ರೋಗದಲ್ಲಿ ಎಲೆಯ ಮೇಲ್ಮೈಯಲ್ಲಿ ಹಳದಿ ಮಚ್ಚೆಗಳೇಳುತ್ತವೆ; ಅವು ನರಗಳ ನಡುವೆ ಸಿಕ್ಕಿಕೊಂಡು ಮೂಲೆಮೂಲೆಯಾಗಿರುತ್ತವೆ. ಬೆಳಗಿನ ಇಬ್ಬನಿ ಆರುವ ಮುನ್ನ ಅದೇ ಎಲೆಯನ್ನು ತಿರುವಿ ನೋಡಿದರೆ ಮಚ್ಚೆಯ ಕೆಳಗೆ ಬೂದು ಅಥವಾ ನೇರಿಳೆಗಪ್ಪು ಬಣ್ಣದ ನವುರಾದ ಬೂಜು ಕಾಣುತ್ತದೆ. ಮಧ್ಯಾಹ್ನ ನೋಡಿದವರಿಗೆ ಇದು ಕಾಣದೆ ಹೋಗಬಹುದು. ಎಲೆಯ ಮೇಲೆ ಕೆಲವು ಗಂಟೆಗಳ ಕಾಲ ನೀರು ನಿಂತರೆ ಮಾತ್ರ ಇದು ಹರಡುವುದರಿಂದ ಮಳೆ, ಮಂಜು, ಸಂಜೆಯ ಹೊತ್ತು ಎಲೆಯ ಮೇಲೆ ಹೊಯ್ದ ನೀರು ಇದಕ್ಕೆ ಸಹಾಯಕ.

ಬೂದಿಯು ನಿಜವಾದ ಶಿಲೀಂಧ್ರ. ಬೂಜನ್ನು ಹಿಂದೆ ಶಿಲೀಂಧ್ರಗಳಲ್ಲಿ ಸೇರಿಸುತ್ತಿದ್ದರೂ ಈಗ ಅದನ್ನು ಪಾಚಿಗಳಿಗೆ ಸಮೀಪವಾದ ಪ್ರತ್ಯೇಕ ವರ್ಗವೆಂದು ತಿಳಿಯಲಾಗಿದೆ. ಮಲೆನಾಡಿನ ಅಡಕೆಯ ಕೊಳೆರೋಗದ ಜೀವಿ ಈ ವರ್ಗದ್ದೇ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ನರು ಆ ಕೊಳೆರೋಗದ ಕಾರಣವನ್ನು ನಿರ್ಧರಿಸಿ, ಮಳೆಗೆ ಮುನ್ನ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದುದು ನಮ್ಮ ನಾಡಿನ ಕೃಷಿಚರಿತ್ರೆಯ ಮುಖ್ಯ ಘಟನೆಗಳಲ್ಲೊಂದು. ಬೂದಿಗೆ ಹೇಳಿದ ಗಂಧಕವು ಬೂಜಿಗೆ ತಾಗದಿರುವುದಕ್ಕೆ ಈ ಕುಲಭೇದವೇ ಕಾರಣ. ಬಿರುಬಿಸಿಲಿನಲ್ಲಿ ಹಾಕಿದ ಗಂಧಕವು ಸೌತೆಯ ಎಲೆಯನ್ನು ಸುಡುವುದೂ ಉಂಟು. ಬೂದಿಗೆ ಸೌಮ್ಯವಾದ ಉಪಾಯವೂ ಇದೆ: ಬ್ರೆಜಿಲಿನ ಬೆಟ್ಟಿಯೋಲರು ೧೯೯೯ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನೀರು ಬೆರೆಸಿದ ಹಸುವಿನ ಹಾಲು ಸೌತೆಯ ಬಂಧುವಾದ ಎಳೆಗುಂಬಳದ ಬೂದಿಯನ್ನು ತಡೆಯಿತು.

ಮೂಲೆಮೂಲೆಯಾದ ಮಚ್ಚೆಯೆಲ್ಲ ಬೂಜೂ ಅಲ್ಲ. ಅಮೆರಿಕದ ಅರ್ವಿನ್ ಸ್ಮಿತ್ ಮತ್ತು ಮೇರಿ ಬ್ರಯನ್ ಅವರು ೧೯೧೫ರಲ್ಲಿ ವರ್ಣಿಸಿದ ಒಂದು ಬ್ಯಾಕ್ಟೀರಿಯಾ ರೋಗವೂ ನರಗಳ ನಡುವೆ ಇಂತಹುದೇ ಮಚ್ಚೆಗಳನ್ನು ಉಂಟುಮಾಡುತ್ತದೆ. ಅಲ್ಲಿ ಕೆಳಗೆ ಬೂಜಿರುವುದಿಲ್ಲ; ಕಣ್ಣೀರಿನಂತಹ ಹನಿ ಒಸರಿ, ಒಣಗಿ ಬಿಳಿಯ ಹೊಪ್ಪಳಿಕೆಯಾಗುತ್ತದೆ, ಮಚ್ಚೆಯ ನಡುವು ಉದುರಿ ಎಲೆಯಲ್ಲಿ ತೂತಾಗುತ್ತದೆ. ಸಂದೇಹವಿದ್ದಲ್ಲಿ ಎಲೆಯೊಂದನ್ನು ಒದ್ದೆ ಕಾಗದದೊಡನೆ ಮುಚ್ಚಿದ ಚೀಲದಲ್ಲಿ ಒಂದು ರಾತ್ರಿ ಇಟ್ಟು ನೋಡಬಹುದು. ಬೂಜು ರೋಗವಾಗಿದ್ದರೆ ಸಾಮಾನ್ಯವಾಗಿ ಬೆಳಗಿನ ವೇಳೆಗೆ ಕೆಳಮೈಯಲ್ಲಿ ಬೂಜು ಮೂಡಿರುತ್ತದೆ.

ಹಳದಿಯು ಮಚ್ಚೆಯಾಗಿರದೆ ಸೂಜಿಯಿಂದ ಚುಚ್ಚಿದಂತಹ ಅಸಂಖ್ಯಾತ ಚುಕ್ಕೆಗಳಾಗಿದ್ದರೆ ನುಸಿಯನ್ನು ಶಂಕಿಸಬೇಕು. ಬಿಳಿಯ ಕಾಗದದ ಮೇಲೆ ಎಲೆಯನ್ನು ಕೊಡವಿದಾಗ ಉದುರಿದ ಕಣಗಳು ಹರಿದಾಡತೊಡಗಿದರೆ ಶಂಕೆ ದೃಢವಾಯಿತು. ನುಸಿಯು ಕೀಟವಲ್ಲ, ಜೇಡನ ಬಂಧು. ಕೀಟನಾಶಕಗಳು ಅನೇಕ ವೇಳೆ ಅದರ ಶತ್ರುಗಳನ್ನು ಕೊಂದು ಅದನ್ನೇ ಹೆಚ್ಚಿಸುತ್ತವೆ. ಎಲೆಯ ಕೆಳಭಾಗಕ್ಕೆ ರಭಸವಾಗಿ ನೀರು ಹೊಡೆಯುವುದೇ ಮನೆಯ ಬಳ್ಳಿಗೆ ಮೊದಲ ಚಿಕಿತ್ಸೆ. ಎಲೆಯ ಒಳಗೆ ಅಂಕುಡೊಂಕಾದ ಬಿಳಿಯ ಗೆರೆಗಳಿದ್ದರೆ ಅದು ರಂಗೋಲಿ ಹುಳುವಿನ ಕೆಲಸ. ಕೆಲವು ಎಲೆಗಳನ್ನು ಕಿತ್ತರೆ ಸಾಕು. ಎಳೆಯ ಸಸಿಯ ಎಲೆಯಲ್ಲಿ ದುಂಡನೆಯ ತೂತುಗಳಿದ್ದರೆ ಕೆಂಪು ಕುಂಬಳ ದುಂಬಿಯನ್ನು ಹುಡುಕಬೇಕು. ಬೆಳಗಿನ ತಂಪಿನಲ್ಲಿ ಅದು ಜಡವಾಗಿರುವುದರಿಂದ ಕೈಯಿಂದಲೇ ಆರಿಸಬಹುದು.

ನಂಜುರೋಗದ ಗತಿ ಇವೆಲ್ಲಕ್ಕಿಂತ ಭಿನ್ನ. ಬೂಜು ಮತ್ತು ಗೊಬ್ಬರದ ಕೊರತೆ ಸಾಮಾನ್ಯವಾಗಿ ಬುಡದ ಹಳೆಯ ಎಲೆಗಳಲ್ಲಿ ಮೊದಲು ಕಾಣುತ್ತವೆ. ನಂಜು ಕುಡಿಯಲ್ಲಿ ಕಾಣುತ್ತದೆ. ಹೊಸ ಎಲೆಗಳು ಸಣ್ಣದಾಗಿ, ಸುಕ್ಕುಗಟ್ಟಿ, ತಿಳಿಹಸುರು ಕಡುಹಸುರುಗಳ ಚಿತ್ತಾರವನ್ನು ತಾಳುತ್ತವೆ, ಕಾಯಿ ಗಂಟುಗಂಟಾಗುತ್ತದೆ. ಸೌತೆಯ ಈ ನಂಜನ್ನು ೧೯೧೬ರಲ್ಲಿ ಅಮೆರಿಕದ ಡೂಲಿಟಲ್ ಮತ್ತು ಜ್ಯಾಗರ್ ಅವರು ಪ್ರತ್ಯೇಕವಾಗಿ ವರ್ಣಿಸಿದರು. ಒಂದು ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳಿಗೆ ಅದು ತಗುಲುತ್ತದೆಂದು ಈಗ ತಿಳಿದಿದೆ. ಸಸ್ಯಹೇನು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಅದಕ್ಕೆ ಕೆಲವೇ ಕ್ಷಣ ಚುಚ್ಚಿದರೂ ಸಾಕು. ಕೀಟನಾಶಕವು ಹೇನನ್ನು ಕೊಲ್ಲುವ ಮೊದಲೇ ನಂಜು ದಾಟಿರುತ್ತದೆ. ತಗುಲಿದ ಬಳ್ಳಿಗೆ ಚಿಕಿತ್ಸೆಯಿಲ್ಲ; ಅದನ್ನು ಕಿತ್ತು ತೆಗೆದರೆ ಉಳಿದ ಬಳ್ಳಿಗಳಾದರೂ ಉಳಿದಾವು.

೫. ಬಾಡುವ ಬಳ್ಳಿ

ಬಳ್ಳಿ ಬಾಡುವುದನ್ನು ಕಂಡೊಡನೆ ನೀರು ಹೊಯ್ಯುವುದು ಲೋಕರೂಢಿ. ಬಾಡಿದ ಹೊತ್ತನ್ನು ಮೊದಲು ಗಮನಿಸಬೇಕು. ಮಣ್ಣಿನಲ್ಲಿ ತೇವವಿದ್ದೂ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ಬಳ್ಳಿ ದಿನೇ ದಿನೇ ಕುಗ್ಗುತ್ತಿದ್ದರೆ ಒಂದನ್ನು ಬೇರುಸಹಿತ ಅಗೆದು ನೋಡಬೇಕು. ಬೇರಿನಲ್ಲಿ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಬರ್ಕ್ಲಿಯವರು ೧೮೫೫ರಲ್ಲಿ ಕಂಡ ಜಂತುವೇ ಇಲ್ಲಿಯೂ ಇದೆ. ಎಲೆಗೆ ಹೊಡೆದ ಯಾವ ಔಷಧಿಯೂ ಅದನ್ನು ಮುಟ್ಟದು. ಆ ಪಾತಿಯಲ್ಲಿ ಸೌತೆ, ಕುಂಬಳ, ಬದನೆ, ಟೊಮ್ಯಾಟೊಗಳನ್ನು ಕೆಲವು ಕಾಲ ಬಿಟ್ಟು ಚೆಂಡುಹೂವನ್ನು ಬೆಳೆಯುವುದು ಅನುಭವಸಿದ್ಧವಾದ ಕ್ರಮ. ಬೇರು ನಯವಾಗಿದ್ದು, ಬುಡದ ಕಾಂಡವನ್ನು ಸೀಳಿದಾಗ ಒಳಗಿನ ನಾಳಗಳು ಕಂದಾಗಿದ್ದರೆ ಮಣ್ಣಿನ ಶಿಲೀಂಧ್ರದಿಂದ ಬರುವ ಸೊರಗು ರೋಗವನ್ನು ಊಹಿಸಬೇಕು; ಅಂತಹ ಬಳ್ಳಿ ಸಂಜೆಗೂ ಚೇತರಿಸಿಕೊಳ್ಳುವುದಿಲ್ಲ.

ಇಲ್ಲಿ ದೇಶಭೇದದ ಮಾತು ಬರುತ್ತದೆ. ಅಮೆರಿಕದ ಕೈಪಿಡಿಗಳು ಬಾಡುವ ಸೌತೆಯ ಪ್ರಸ್ತಾಪ ಬಂದೊಡನೆ ಬ್ಯಾಕ್ಟೀರಿಯಾ ಸೊರಗನ್ನು ಹೆಸರಿಸುತ್ತವೆ. ೧೮೯೦ರ ದಶಕದಲ್ಲಿ ಅರ್ವಿನ್ ಸ್ಮಿತ್ ಅವರು ಇದನ್ನು ಶೋಧಿಸಿದರು. ಬ್ಯಾಕ್ಟೀರಿಯಾಗಳು ಸಸ್ಯಗಳಿಗೆ ರೋಗ ತರಲಾರವೆಂದ ಜರ್ಮನಿಯ ಫಿಷರ್ ಅವರೊಡನೆ ಸ್ಮಿತ್ ಅವರು ನಡೆಸಿದ ವಾದವು ವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಕತ್ತರಿಸಿದ ಕಾಂಡದ ಎರಡು ತುದಿಗಳನ್ನು ಒತ್ತಿ ಮೆಲ್ಲನೆ ಎಳೆದಾಗ ಅಂಟಿನ ಎಳೆ ಹೊರಟರೆ ಆ ರೋಗವೆಂದು ತಿಳಿಯುತ್ತಾರೆ. ಆದರೆ ಅದನ್ನು ಹರಡುವ ಪಟ್ಟೆದುಂಬಿಯೂ ಚುಕ್ಕೆದುಂಬಿಯೂ ಉತ್ತರ ಅಮೆರಿಕದವು. ನಮ್ಮ ಹಿತ್ತಿಲಿನ ಕೆಂಪು ದುಂಬಿ ಬೇರೆಯ ಕೀಟ. ಪರದೇಶದ ಗ್ರಂಥದಲ್ಲಿ ಓದಿದ ಕಾರಣವನ್ನು ಇಲ್ಲಿಯ ಬಳ್ಳಿಗೆ ಆರೋಪಿಸುವ ಮೊದಲು ಅದು ಈ ನೆಲದಲ್ಲಿ ಉಂಟೆ ಎಂದು ಕೇಳಬೇಕು. ೧೯೧೮ರಲ್ಲಿ ಪ್ರಕಟವಾದ ಬಟ್ಲರ್ ಅವರ ಶಿಲೀಂಧ್ರ ಮತ್ತು ಸಸ್ಯರೋಗಗಳ ಗ್ರಂಥಕ್ಕೆ ಬೆಲೆ ಬಂದುದು ಅದು ಭಾರತದ ಹೊಲಗಳಲ್ಲಿ ಕಂಡುದನ್ನು ಆಧಾರವಾಗಿ ಉಳ್ಳದ್ದೆಂಬ ಕಾರಣದಿಂದ.

೬. ಕಾಯಿಯ ಸಾಕ್ಷ್ಯ

ಹೀಚು ಸೊಟ್ಟಗಾಗಿ ಹಳದಿ ತಿರುಗಿ ಉದುರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳು. ಇವೆರಡನ್ನು ಗೊಂದಲಪಡಿಸಿಕೊಂಡರೆ ಚಿಕಿತ್ಸೆಯೇ ಪೀಡೆಯಾಗುತ್ತದೆ.

ಮೊದಲನೆಯದು ಹಣ್ಣಿನ ನೊಣ. ಹೆಣ್ಣುನೊಣ ಎಳೆಗಾಯಿಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ; ಚುಚ್ಚಿದೆಡೆ ಅಂಟಿನ ಹನಿ ಒಸರುತ್ತದೆ, ಕಾಯಿ ಅಲ್ಲಿಗೆ ಬಾಗುತ್ತದೆ, ಹೆಚ್ಚಿದರೆ ಒಳಗೆ ಬಿಳಿಯ ಮರಿಹುಳುಗಳು ಕಾಣುತ್ತವೆ. ಎರಡನೆಯದು ಪರಾಗಸ್ಪರ್ಶದ ಕೊರತೆ. ಸೌತೆಯಲ್ಲಿ ಗಂಡುಹೂವೂ ಹೆಣ್ಣುಹೂವೂ ಬೇರೆ ಬೇರೆ. ನಡುವೆ ಜೇನು ಓಡಾಡದಿದ್ದರೆ ಕಾಯಿಯ ಒಂದು ತುದಿ ಸಣಕಲಾಗಿ ಬಾಡುತ್ತದೆ. ಅಲ್ಲಿ ಚುಚ್ಚಿದ ಗಾಯವಿಲ್ಲ, ಹುಳುವಿಲ್ಲ. ಈ ಎರಡನೆಯದನ್ನು ಹುಳುವೆಂದು ಬಗೆದು ವಿಷ ಸಿಂಪಡಿಸಿದರೆ ಇದ್ದ ಜೇನೂ ಸತ್ತು, ಮುಂದಿನ ಕಾಯಿಗಳು ಇನ್ನಷ್ಟು ಕೆಡುತ್ತವೆ. ಮೊದಲು ಅರಳುವ ಗಂಡುಹೂಗಳು ಉದುರುವುದು ರೋಗವಲ್ಲ, ಬಳ್ಳಿಯ ಸ್ವಭಾವ.

ಹಣ್ಣಿನ ನೊಣದ ಚರಿತ್ರೆಯೂ ಬೋಧಪ್ರದ. ನಮ್ಮ ಕಡೆಯ ಈ ಕೀಟ ಸುಮಾರು ೧೮೯೫ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಿತು. ಶಾಸ್ತ್ರಜ್ಞರು ೧೮೯೯ರಲ್ಲಿ ಅದಕ್ಕೆ ಹೆಸರಿಟ್ಟುದು ಅಲ್ಲಿಯ ಮಾದರಿಗಳನ್ನು ನೋಡಿ. ಜಪಾನಿನ ಓಕಿನಾವ ಪ್ರದೇಶದಲ್ಲಿ ೧೯೭೨ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ಬಂಜೆಗೊಳಿಸಿದ ನೊಣಗಳನ್ನು ಅಪಾರ ಸಂಖ್ಯೆಯಲ್ಲಿ ಬಿಟ್ಟು, ೧೯೯೩ರ ವೇಳೆಗೆ ಅದನ್ನು ನಿರ್ಮೂಲಗೊಳಿಸಿದರು. ಗೃಹಸ್ಥರಿಗೆ ಅಂತಹ ಸಾಧನವಿಲ್ಲ. ಆದರೆ ಚುಚ್ಚಿದ, ಉದುರಿದ ಕಾಯಿಗಳನ್ನು ಪ್ರತಿದಿನ ಆಯ್ದು, ಗೊಬ್ಬರದ ಗುಂಡಿಗೆ ಹಾಕದೆ ಆಳವಾಗಿ ಹೂಳುವುದು, ಕಾಯಿ ಕಚ್ಚಿದ ಮೇಲೆ ಕಾಗದದ ಚೀಲ ತೊಡಿಸುವುದು ಸಾಧ್ಯ. ಮೋಹಕ ಬಲೆಯನ್ನು ಕೊಳ್ಳುವಾಗಲೂ ನಿದಾನದ ಎಚ್ಚರ ಬೇಕು. ಮಾವಿನ ನೊಣವನ್ನು ಸೆಳೆಯುವ ಮೀಥೈಲ್ ಯೂಜಿನಾಲ್ ಸೌತೆಯ ನೊಣವನ್ನು ಸೆಳೆಯದು. ಇದಕ್ಕೆ ‘ಕ್ಯೂ ಲ್ಯೂರ್’ ಎಂಬ ಬೇರೆ ಮೋಹಕವುಂಟು. ಮಾವಿನ ಬಲೆಯನ್ನು ಚಪ್ಪರಕ್ಕೆ ಕಟ್ಟಿ, ನೊಣ ಬೀಳದಿರುವುದನ್ನು ಕಂಡು ನೊಣವೇ ಇಲ್ಲವೆಂದು ತೀರ್ಮಾನಿಸುವುದು ತಪ್ಪು ಸಾಕ್ಷಿಯನ್ನು ಕರೆದು ಮೊಕದ್ದಮೆಯನ್ನು ವಜಾ ಮಾಡಿದಂತೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ದೊರೆಯುವ ಪರೀಕ್ಷಾಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಒಂದು, ಪೀಡೆ ಮೊದಲು ಕಂಡುದು ಎಲ್ಲಿ: ಬುಡದ ಎಲೆಯಲ್ಲೋ, ಕುಡಿಯಲ್ಲೋ, ಕಾಯಿಯಲ್ಲೋ? ಎರಡು, ಅದಕ್ಕೆ ಮುಂಚಿನ ವಾರದ ಹವೆ ಹೇಗಿತ್ತು? ಮೂರು, ಬೆಳಗಿನ ಹೊತ್ತು ಎಲೆಯ ಕೆಳಮೈಯಲ್ಲಿ ಏನಿದೆ? ನಾಲ್ಕು, ಬೇರು, ಸೀಳಿದ ಕಾಂಡ, ಹೆಚ್ಚಿದ ಕಾಯಿ ಏನು ಹೇಳುತ್ತವೆ? ಐದು, ನಾವು ಊಹಿಸಿದ ಕಾರಣ ಈ ನೆಲದಲ್ಲಿ ಉಂಟೆ? ಈ ಐದಕ್ಕೂ ಒಪ್ಪುವ ಉತ್ತರ ಒಂದೇ ಆದಾಗ ನಿದಾನವಾಯಿತೆನ್ನಬಹುದು. ಆಗದಿದ್ದಲ್ಲಿ ರೋಗಗ್ರಸ್ತವಾದ ಎಲೆಗಳನ್ನು ಕಾಗದದಲ್ಲಿ ಸುತ್ತಿ, ಮಣ್ಣುಸಹಿತ ಬೇರನ್ನೂ ಜೊತೆಗಿರಿಸಿಕೊಂಡು, ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸುವುದು ಲೇಸು. ನಿರ್ಣಯವಾಗುವವರೆಗೆ ಸೀಸೆಯ ಮುಚ್ಚಳವನ್ನು ತೆರೆಯದಿರುವುದು ಅದಕ್ಕಿಂತಲೂ ಲೇಸು.

ನಿದಾನವು ಒಮ್ಮೆ ಮುಗಿದು ಶಾಶ್ವತವಾಗಿ ನಿಲ್ಲುವ ಕೆಲಸವೂ ಅಲ್ಲ. ಭಾರತದಿಂದ ಅಮೆರಿಕಕ್ಕೆ ಹೋದ ಸೌತೆಯ ತಳಿಯೊಂದರಿಂದ ಪಡೆದ ನಿರೋಧಕ ಗುಣವು ಅಲ್ಲಿಯ ಸೌತೆಯನ್ನು ಬೂಜು ರೋಗದಿಂದ ದಶಕಗಳ ಕಾಲ ಕಾಪಾಡಿತ್ತು. ೨೦೦೪ರಲ್ಲಿ ಬೂಜಿನ ಹೊಸ ಬಗೆಯೊಂದು ಆ ಕೋಟೆಯನ್ನು ಮುರಿಯಿತು. ನಿನ್ನೆಯ ಬಳ್ಳಿಗೆ ಸರಿಯಾಗಿದ್ದ ಉತ್ತರ ಇಂದಿನ ಬಳ್ಳಿಗೆ ಸರಿಯೆಂದು ಭಾವಿಸದೆ, ಪ್ರತಿ ಬೆಳೆಯಲ್ಲಿಯೂ ಎಲೆಯನ್ನು ತಿರುವಿ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಚಪ್ಪರದ ಬಳಿ ದಿನವೂ ಹೋಗಿ ನಿಲ್ಲಬಲ್ಲ ಗೃಹಸ್ಥರಿಗೆ ಈ ವಿಷಯದಲ್ಲಿ ಯಾವ ಪ್ರಯೋಗಶಾಲೆಗೂ ಇಲ್ಲದ ಅನುಕೂಲವುಂಟು.